ಶನಿವಾರದ ಮೀಟಪ್: ಮಾತು ನಮ್ಮದು, ಕೋಣೆ ಯಾರದು?

ಬೆಂಗಳೂರಿನಲ್ಲಿ ಕೋಡ್ ಬರೆಯೋ ಗೆಳೆಯರಿದ್ದರೆ ಈ ಮಾತು ಕೇಳಿರ್ತೀರಿ: 'ಶನಿವಾರ ಮೀಟಪ್ ಇದೆ, ಬರ್ತೀಯಾ?' ವಾರವಿಡೀ ಕಂಪ್ಯೂಟರ್ ಮುಂದೆ ಕೂತವರು ರಜೆಯ ದಿನವೂ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗ್ತಾರೆ. ಅಲ್ಲಿ ಸಂಬಳ ಇಲ್ಲ, ಹಾಜರಾತಿ ಇಲ್ಲ, ಮ್ಯಾನೇಜರ್ ಇಲ್ಲ. ಹಾಗಿದ್ದರೆ ಯಾಕೆ ಹೋಗ್ತಾರೆ? ನಡೆಸೋರು ಯಾರು, ಖರ್ಚು ಯಾರದು? ಐಟಿ ಅಂದರೆ ಬರೀ ಕಂಪನಿಗಳ ವ್ಯವಹಾರ ಅಂದುಕೊಂಡಿದ್ದರೆ ಇದನ್ನೊಮ್ಮೆ ನೋಡಬೇಕು.

ಏನಿದು ಮೀಟಪ್?

ಒಂದು ಪ್ರೋಗ್ರಾಮಿಂಗ್ ಭಾಷೆಯನ್ನೋ ತಂತ್ರಜ್ಞಾನವನ್ನೋ ಬಳಸುವ ಒಂದೇ ಊರಿನ ಜನ ತಿಂಗಳಿಗೊಮ್ಮೆ ಸೇರುವುದು, ಅಷ್ಟೆ. ಬೆಂಗಳೂರಿನ ಪೈಥಾನ್ ಬಳಕೆದಾರರ ಗುಂಪು ಬ್ಯಾಂಗ್‌ಪೈಪರ್ಸ್ ಇಂಥವುಗಳಲ್ಲಿ ಹಳೆಯದು. ಪ್ರವೇಶ ಉಚಿತ. ಎರಡು-ಮೂರು ಭಾಷಣ ಇರುತ್ತವೆ, ಆಮೇಲೆ ಐದೈದು ನಿಮಿಷದ 'ಲೈಟ್ನಿಂಗ್ ಟಾಕ್'. ಯಾರು ಬೇಕಾದರೂ ಎದ್ದು ತಾನು ಬರೆದ ಪುಟ್ಟ ಪ್ರೋಗ್ರಾಂ ತೋರಿಸಬಹುದು, ತಾನು ಮಾಡಿದ ಎಡವಟ್ಟನ್ನೂ ಹೇಳಬಹುದು. ಮಾತಾಡಿದವರಿಗೆ ಸಂಭಾವನೆ ಇಲ್ಲ, ಸಂಘಟಿಸಿದವರಿಗೂ ಇಲ್ಲ.

ಹತ್ತು ವರ್ಷ ಅನುಭವ ಇರೋರ ಪಕ್ಕದಲ್ಲಿ ಆರನೇ ಸೆಮಿಸ್ಟರ್ ಹುಡುಗಿ ಕೂತಿರ್ತಾಳೆ. ಆಕೆ ಕೇಳಿದ ಪ್ರಶ್ನೆಗೆ ಅವರಿಗೆ ಉತ್ತರ ಗೊತ್ತಿಲ್ಲದೆಯೂ ಇರಬಹುದು. ಆಫೀಸಿನಲ್ಲಿ 'ನನಗೆ ಗೊತ್ತಿಲ್ಲ' ಅನ್ನೋದು ಅಪ್ರೈಸಲ್‌ಗೆ ಹೊಡೆತ ಕೊಡುವ ಮಾತು. ಇಲ್ಲಿ ಅದು ಚರ್ಚೆಯ ಶುರುವಾತು.

ಇದಕ್ಕೊಂದು ಇತಿಹಾಸವಿದೆ. 1975ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಒಂದು ಮನೆಯ ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಶುರುವಾಯ್ತು. ಸ್ಟೀವ್ ವೋಜ್ನಿಯಾಕ್ ತಮ್ಮ ಮೊದಲ ಆ್ಯಪಲ್ ಕಂಪ್ಯೂಟರನ್ನು ತೋರಿಸಿದ್ದು ಆ ಕ್ಲಬ್‌ನವರಿಗೇ. ಬೆಂಗಳೂರಿನ ಕಥೆ ಲಿನಕ್ಸ್‌ನಿಂದ ಆರಂಭವಾಗುತ್ತೆ. ಇಲ್ಲಿನ ಲಿನಕ್ಸ್ ಬಳಕೆದಾರರ ಗುಂಪು 2001ರಲ್ಲಿ 'ಲಿನಕ್ಸ್ ಬೆಂಗಳೂರು' ಸಮ್ಮೇಳನ ಮಾಡಿತು. ಅದೇ ಮುಂದೆ 'ಫಾಸ್.ಇನ್' ಆಗಿ 2012ರವರೆಗೆ ನಡೆಯಿತು. ದೇಶದ ಮೊದಲ ಪೈಕಾನ್ 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆದಾಗ ಅದರ ಹಿಂದೆ ಬ್ಯಾಂಗ್‌ಪೈಪರ್ಸ್‌ನವರ ಓಡಾಟ ದೊಡ್ಡದಿತ್ತು. ತಿಂಗಳಿಗೊಮ್ಮೆ ಕೂತು ಹರಟುವ ಗುಂಪೇ ದೊಡ್ಡ ಸಮ್ಮೇಳನಕ್ಕೆ ಜನ ಒದಗಿಸಿದ್ದು.

ಇದರಲ್ಲಿ ರಾಜಕೀಯ ಎಲ್ಲಿದೆ?

2015ರ ಮಾರ್ಚ್‌ನಲ್ಲಿ ಟ್ರಾಯ್ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಇಂಟರ್ನೆಟ್ಟಿನ ಎಲ್ಲ ಸೇವೆಗಳನ್ನೂ ಟೆಲಿಕಾಂ ಕಂಪನಿಗಳು ಒಂದೇ ರೀತಿ ನೋಡಬೇಕಾ, ಅಥವಾ ಕೆಲವಕ್ಕೆ ಬೇರೆ ದರ ಇಡಬಹುದಾ ಅನ್ನೋದು ಪ್ರಶ್ನೆ. ನೂರಕ್ಕೂ ಹೆಚ್ಚು ಪುಟದ ಆ ಪತ್ರವನ್ನು ಓದಿ, ಸರಳ ಮಾಡಿ, ಯಾರು ಬೇಕಾದರೂ ಒಂದೆರಡು ಕ್ಲಿಕ್‌ನಲ್ಲಿ ಟ್ರಾಯ್‌ಗೆ ಉತ್ತರ ಕಳಿಸುವಂಥ 'ಸೇವ್ ದಿ ಇಂಟರ್ನೆಟ್' ಕಟ್ಟಿದ್ದು ಸ್ವಯಂಸೇವಕರು. ಅವರಲ್ಲೊಬ್ಬರು ಕಿರಣ್ ಜೊನ್ನಲಗಡ್ಡ. ಬೆಂಗಳೂರಿನಲ್ಲಿ ಪ್ರೋಗ್ರಾಮರ್‌ಗಳ ಸಭೆ-ಸಮ್ಮೇಳನ ನಡೆಸುವ ಹ್ಯಾಸ್‌ಗೀಕ್ ಕಟ್ಟಿದವರಲ್ಲಿ ಇವರೂ ಒಬ್ಬರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. 2016ರ ಫೆಬ್ರವರಿಯಲ್ಲಿ ಟ್ರಾಯ್ ತಾರತಮ್ಯದ ದರಗಳನ್ನು ನಿಷೇಧಿಸಿತು, ಫೇಸ್‌ಬುಕ್‌ನ 'ಫ್ರೀ ಬೇಸಿಕ್ಸ್' ಗಂಟುಮೂಟೆ ಕಟ್ಟಿತು.

ಅಪರಿಚಿತರು ರಾತ್ರೋರಾತ್ರಿ ಸೇರಿ ಇಂಥ ಕೆಲಸ ಮಾಡೋಕಾಗಲ್ಲ. ಯಾರು ಡಿಸೈನ್ ಮಾಡ್ತಾರೆ, ಯಾರ ಸರ್ವರ್ ಬೀಳಲ್ಲ, ಯಾರ ಮಾತು ನಂಬಬಹುದು ಅನ್ನೋದು ಮೊದಲೇ ಗೊತ್ತಿರಬೇಕು. ಆ ಪರಿಚಯ ಬೆಳೆಯೋದು ಒಂದೇ ಊರಲ್ಲಿ ಮತ್ತೆ ಮತ್ತೆ ಮುಖ ನೋಡಿ ಮಾತಾಡಿದಾಗ. ಹಾಗಂತ ಪ್ರೋಗ್ರಾಮರ್‌ಗಳೆಲ್ಲ ಒಂದೇ ಕಡೆ ಇದ್ದಾರೆ ಅಂತ ಅಲ್ಲ. ಆಧಾರ್ ವ್ಯವಸ್ಥೆಯನ್ನು ಕಟ್ಟಿದ್ದೂ ಇದೇ ಊರಿನ ಎಂಜಿನಿಯರ್‌ಗಳು, ಅದನ್ನು ಪ್ರಶ್ನಿಸಿದವರಲ್ಲೂ ಇದೇ ಊರಿನ ಎಂಜಿನಿಯರ್‌ಗಳಿದ್ದರು.

ಕೋಣೆಯ ಬಾಡಿಗೆ ಯಾರು ಕಟ್ತಾರೆ?

ನನ್ನ ಪ್ರಕಾರ ಅಸಲಿ ವಿಷಯ ಇದು. ನೂರು ಜನ ಕೂರುವಷ್ಟು ಜಾಗ, ಪ್ರೊಜೆಕ್ಟರ್, ವೈಫೈ, ಎಸಿ, ಟೀ. ಬೆಂಗಳೂರಿನಲ್ಲಿ ಇದನ್ನು ಬಾಡಿಗೆಗೆ ಹಿಡಿಯೋದು ದುಡ್ಡೇ ಇಲ್ಲದ ಗುಂಪಿನ ಕೈಲಾಗದ ಮಾತು. ಹಾಗಾಗಿ ಸಾಮಾನ್ಯವಾಗಿ ಯಾವುದಾದರೂ ಕಂಪನಿ ತನ್ನ ಆಫೀಸು ಬಿಟ್ಟುಕೊಡುತ್ತೆ. ಶನಿವಾರ ಹೇಗೂ ಖಾಲಿ. ಬದಲಿಗೆ ಕಂಪನಿಯವರು ಎದ್ದು ನಿಂತು 'ನಾವು ಹೈರ್ ಮಾಡ್ತಿದೀವಿ' ಅಂತ ಹತ್ತು ನಿಮಿಷ ಮಾತಾಡ್ತಾರೆ. ರಿಕ್ರೂಟರ್‌ಗೆ ಕೊಡುವ ಕಮಿಷನ್‌ಗಿಂತ ಪಿಜ್ಜಾ ಅಗ್ಗ.

ಇದರಲ್ಲಿ ಮೋಸವೇನಿಲ್ಲ, ಕೆಲಸ ಹುಡುಕುವವರಿಗೆ ಲಾಭವೂ ಇದೆ. ಆದರೆ ಕೋಣೆಯ ಯಜಮಾನ ಯಾರು ಅನ್ನೋದು ಮಾತಿಗೂ ತಟ್ಟುತ್ತೆ. ವೇದಿಕೆ ಮೇಲೆ ಡೇಟಾಬೇಸ್ ವೇಗದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ಆಗುತ್ತೆ. ಲೇಆಫ್, ನೋಟಿಸ್ ಪೀರಿಯಡ್, ರಾತ್ರಿ ಹನ್ನೊಂದರ ಕಾಲ್, ಇವೆಲ್ಲ ಟೀ ಹೊತ್ತಿಗೆ, ಲಿಫ್ಟ್ ಹತ್ತಿರ, ದನಿ ತಗ್ಗಿಸಿ. ದಿನಕ್ಕೆ 14 ಗಂಟೆವರೆಗೆ ದುಡಿಸಲು ದಾರಿ ಮಾಡುವ ಪ್ರಸ್ತಾಪ 2024ರ ಜುಲೈನಲ್ಲಿ ಬಂದಾಗ ಬೀದಿಗಿಳಿದದ್ದು ಐಟಿ ನೌಕರರ ಸಂಘ ಕೆಐಟಿಯು, ಮೀಟಪ್‌ಗಳಲ್ಲ. ಮೀಟಪ್ ಯೂನಿಯನ್ ಆಗಬೇಕು ಅಂತ ನಾನು ಹೇಳ್ತಿಲ್ಲ. ಆದರೆ ಬೇರೆ ಬೇರೆ ಕಂಪನಿಯ ನೌಕರರು ಎಚ್‌ಆರ್ ಇಲ್ಲದೆ ಒಂದೆಡೆ ಸೇರುವ ಜಾಗಗಳೇ ಬೆರಳೆಣಿಕೆಯಷ್ಟು, ಅದರಲ್ಲೂ ಯಾವುದೋ ಕಂಪನಿಯ ಬೋರ್ಡ್ ಕೆಳಗೇ ಕೂರಬೇಕಾಗಿದೆ.

ಇನ್ನು ಗೇಟಿಗೆ ಬನ್ನಿ. ಮೊದಲೇ ಹೆಸರು ನೋಂದಾಯಿಸಿರಬೇಕು. ಸೆಕ್ಯುರಿಟಿಗೆ ಐಡಿ ತೋರಿಸಿ, ರಿಜಿಸ್ಟರ್‌ನಲ್ಲಿ ಲ್ಯಾಪ್‌ಟಾಪ್ ನಂಬರ್ ಬರೆದು, ಎದೆಗೆ ವಿಸಿಟರ್ ಸ್ಟಿಕ್ಕರ್ ಅಂಟಿಸಿಕೊಳ್ಳಬೇಕು. 'ಕಂಪನಿ' ಅನ್ನೋ ಕಾಲಂ ಎದುರು ನಿರುದ್ಯೋಗಿ ಏನು ಬರೀಬೇಕು? ತುಮಕೂರಿನಿಂದಲೋ ಕೋಲಾರದಿಂದಲೋ ಬರುವ ವಿದ್ಯಾರ್ಥಿ ಹತ್ತು ಗಂಟೆಗೆ ಹೊರವರ್ತುಲ ರಸ್ತೆ ಮುಟ್ಟಬೇಕಾದರೆ ಬೆಳಗಿನ ಜಾವವೇ ಬಸ್ ಹತ್ತಬೇಕು. ಒಳಗೆ ಹೋದರೆ ಎಲ್ಲ ಇಂಗ್ಲಿಷಿನಲ್ಲಿ. ಯಾರೂ ಕನ್ನಡ ಮಾತಾಡಬೇಡ ಅಂದಿಲ್ಲ, ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಕೈ ಎತ್ತೋಕೆ ಎರಡು ಸಲ ಯೋಚಿಸ್ತಾರೆ. ಹೆಣ್ಮಕ್ಕಳ ಸಂಖ್ಯೆ ಕಡಿಮೆ ಅನ್ನೋ ಕಾರಣಕ್ಕೇ ಪೈಲೇಡೀಸ್‌ನಂಥ ಪ್ರತ್ಯೇಕ ಗುಂಪುಗಳು ಹುಟ್ಟಿದವು.

ಕೋಣೆ ಒಂದೇ ಅಲ್ಲ, ಹಾಜರಿ ಪುಸ್ತಕವೂ ಬಾಡಿಗೆಯದೇ. ಹಲವು ಗುಂಪುಗಳು ಸದಸ್ಯರ ಪಟ್ಟಿ ಇಟ್ಟಿರೋದು ಮೀಟಪ್ ಅನ್ನೋ ಹೆಸರಿನ ಅಮೆರಿಕನ್ ಆ್ಯಪ್‌ನಲ್ಲಿ. 2002ರಲ್ಲಿ ಶುರುವಾದ ಅದನ್ನು 2017ರಲ್ಲಿ ವಿವರ್ಕ್ ಕೊಂಡಿತು, 2020ರಲ್ಲಿ ಮಾರಿತು, 2024ರಲ್ಲಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಪಾಲಾಯ್ತು. ಗುಂಪು ನಡೆಸೋರು ಅದಕ್ಕೆ ಚಂದಾ ಕಟ್ಟಬೇಕು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶಿಬಿರ ಮಾಡಿದರು, ಬೆಂಗಳೂರಿನ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರ ನಡೆಸಿದರು. 2020ರಲ್ಲಿ ಹುಟ್ಟಿದ ಫಾಸ್ ಯುನೈಟೆಡ್ ಬೇರೆ ಬೇರೆ ಊರುಗಳಲ್ಲಿ ಮೀಟಪ್‌ಗಳಿಗೆ ನೆರವಾಗ್ತಿದೆ. ಅದರ ಹಿಂದಿನ ದುಡ್ಡೂ ಜೆರೋಧಾದಂಥ ಕಂಪನಿಯದ್ದೇ, ಅದು ಬೇರೆ ಮಾತು. ಸರ್ಕಾರಿ ಕಾಲೇಜುಗಳ ಕಂಪ್ಯೂಟರ್ ಲ್ಯಾಬ್‌ಗಳು ಶನಿವಾರ ಮಧ್ಯಾಹ್ನ ಬೀಗ ಹಾಕಿರುತ್ತವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ' ಆಗಿ ಹಲವು ಕಡೆ ಕಂಪ್ಯೂಟರ್ ಬಂದಿವೆ. ನಿಮ್ಮೂರಲ್ಲಿ ಪೈಥಾನ್ ಕಲಿತವರು ಮೂವರಿದ್ದರೆ, ಮೊದಲ ಸಭೆಗೆ ಬೇಕಾಗೋದು ಒಂದು ಅರ್ಜಿ ಮತ್ತು ಆ ಬೀಗದ ಕೈ.