ದಾಖಲಿಸು

ಅರಬ್ಬಿಯಲ್ಲಿ 'ದಾಖಿಲ್' ಎಂದರೆ ಒಳಹೊಕ್ಕದ್ದು. ಪಾರಸಿ, ಉರ್ದುಗಳ ಮೂಲಕ ಬಂದ ಈ ಮಾತಿಗೆ ಕನ್ನಡ 'ಇಸು' ಹಚ್ಚಿ 'ದಾಖಲಿಸು' ಎಂಬ ಕ್ರಿಯಾಪದ ಮಾಡಿಕೊಂಡಿತು. ನಮ್ಮ ಭಾಗದ ಯಾದಗಿರಿ, ಶಹಾಪುರ, ಸುರಪುರ 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದವು. ಆಗ ಕಚೇರಿ, ಕೋರ್ಟಿನ ಬರವಣಿಗೆ ಉರ್ದುವಿನಲ್ಲಿ ನಡೆಯುತ್ತಿತ್ತು. ಹೀಗಾಗಿ ಇಂಥ ಪದಗಳು ಇಲ್ಲಿನವರಿಗೆ ಹೊಸವಲ್ಲ.

ಬಳಸುವಾಗ ವಿಭಕ್ತಿ ಗಮನಿಸಬೇಕು. ಬರೆದಿಡುವ ಅರ್ಥಕ್ಕೆ 'ಅಲ್ಲಿ': ಠಾಣೆಯಲ್ಲಿ ದೂರು ದಾಖಲಿಸಿದರು. ಸೇರಿಸುವ ಅರ್ಥಕ್ಕೆ 'ಗೆ': ಗಾಯಾಳುವನ್ನು ಆಸ್ಪತ್ರೆಗೆ ದಾಖಲಿಸಿದರು. ಮಾಡಿದವರನ್ನು ಹೇಳದಿದ್ದರೆ 'ದಾಖಲಾಗು': ಶಹಾಪುರದಲ್ಲಿ ಪ್ರಕರಣ ದಾಖಲಾಯಿತು. 'ದಾಖಲೆ' ಎಂದರೆ ಕಾಗದಪತ್ರವೂ ಹೌದು, ಆಟದಲ್ಲಿ ಯಾರೂ ಮೀರದ ಸಾಧನೆಯೂ ಹೌದು. 'ದಾಖಲಾತಿ' ಶಾಲಾ ಪ್ರವೇಶಕ್ಕೆ ಸಲ್ಲುತ್ತದೆ.

'ದಾಖಲಿಸು' ಅರ್ಜಿ, ವರದಿ, ಪತ್ರಿಕೆಗಳ ಮಾತು. ಇಲ್ಲಿನ ಮನೆಗಳಲ್ಲಿ ಹಾಗೆ ಹೇಳುವುದಿಲ್ಲ. ಮಗುವನ್ನು 'ಸಾಲಿಗೆ ಹಚ್ಚ್ಯಾರ', ಎದುರಾಳಿ ಮೇಲೆ 'ಕೇಸ್ ಹಾಕ್ಯಾರ', ಅಜ್ಜನನ್ನು 'ದವಾಖಾನ್ಯಾಗ ಅಡ್ಮಿಟ್ ಮಾಡ್ಯಾರ' ಎನ್ನುತ್ತಾರೆ. ಮಕ್ಕಳಿಗೆ ಕಚೇರಿಯ ಕನ್ನಡ ಕಲಿಸುವ ಶಿಕ್ಷಕರು ಈ ಮನೆಮಾತುಗಳನ್ನು ತಿದ್ದಿ ಅಳಿಸಬೇಕಾಗಿಲ್ಲ. ಎರಡನ್ನೂ ಜೊತೆಗಿಟ್ಟು, ಯಾವುದು ಎಲ್ಲಿಗೆ ಒಪ್ಪುತ್ತದೆ ಎಂದು ತೋರಿಸಿದರೆ ಅರ್ಜಿ ಬರೆಯುವ ಅಳುಕು ಹೋಗುತ್ತದೆ.