ಇಂಗ್ಲಿಷ್ ಪ್ರಶಿಕ್ಷಣಾರ್ಥಿಗಳ ವೃತ್ತಿಕಲ್ಪನೆ: ಶಿರಸಿ, ಸಿದ್ದಾಪುರ, ಯಲ್ಲಾಪುರ

ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರೂ ತಾಲ್ಲೂಕುಗಳು ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಆದರೆ ಯಲ್ಲಾಪುರದ ಕಾಡಂಚಿನ ಊರುಗಳಲ್ಲಿ ಕೊಂಕಣಿ ಬೆರೆತ ಮಾತಾಡುವ ಸಿದ್ದಿ ಮಕ್ಕಳು, ಮರಾಠಿ ಆಡುವ ಗೌಳಿ ಮಕ್ಕಳು ಕೂತ ತರಗತಿಯಲ್ಲಿ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು. ಬಿ.ಎಡ್. ಇಲ್ಲವೇ ಡಿ.ಎಲ್.ಎಡ್. ಓದುವವರು ಬೋಧನಾಭ್ಯಾಸಕ್ಕೆ ಹೋದಾಗ ಮೊದಲು ಎದುರಾಗುವುದು ಇದೇ.

ತಾನು ಎಂಥ ಶಿಕ್ಷಕನಾಗಬೇಕು ಎಂಬ ಚಿತ್ರ ತರಬೇತಿಗಿಂತ ಬಹಳ ಮೊದಲೇ ಮೂಡಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಹೇಳಿದ್ದು ಇದನ್ನೇ: ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತು ಮೇಷ್ಟ್ರನ್ನು ನೋಡುತ್ತ ಕಳೆದ ವರ್ಷಗಳೇ ಮೊದಲ ತರಬೇತಿ. ಪಾಠ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ಪ್ರಶ್ನೋತ್ತರ ಬರೆಸುವ ಕ್ರಮದಲ್ಲಿ ಕಲಿತವರಿಗೆ ಅದೇ ಸಹಜವೆನಿಸುವುದರಲ್ಲಿ ಆಶ್ಚರ್ಯವಿಲ್ಲ.

ಬೇರೆ ದಾರಿಯೂ ಕರ್ನಾಟಕದಲ್ಲೇ ಹುಟ್ಟಿತ್ತು. ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ‘ಬೆಂಗಳೂರು ಪ್ರಾಜೆಕ್ಟ್’ ವ್ಯಾಕರಣವನ್ನು ಬದಿಗಿಟ್ಟು, ರೈಲು ವೇಳಾಪಟ್ಟಿ, ನಕ್ಷೆಗಳಂಥ ಚಟುವಟಿಕೆಗಳನ್ನು ಮಕ್ಕಳ ಮುಂದಿಟ್ಟಿತು. ರೈಲೇ ಬಾರದ ಶಿರಸಿಯಲ್ಲಿ ಅದಕ್ಕೆ ಬಸ್ ನಿಲ್ದಾಣದ ಫಲಕ ಸಾಕು. ಅಡಿಕೆಯ ದಿನದ ದರಪಟ್ಟಿ ಇನ್ನೂ ಉತ್ತಮ. ರಾಶಿ, ಬೆಟ್ಟೆ, ಚಾಲಿ ಇವುಗಳಲ್ಲಿ ಯಾವುದಕ್ಕೆ ಇಂದು ಹೆಚ್ಚು ದರ, ನಿನ್ನೆಗಿಂತ ಎಷ್ಟು ಇಳಿಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಬೆಳೆಗಾರರ ಮನೆಯ ಮಕ್ಕಳು ಸುಮ್ಮನೆ ಕೂರುವುದು ಕಷ್ಟ. ಇಲ್ಲಿ ಶಿಕ್ಷಕ ಅರ್ಥ ಹೇಳುವವನಲ್ಲ, ಮಾತು ಹೊರಡಿಸುವವನು.

ಪಾಠಯೋಜನೆಯ ಪುಟದಲ್ಲಿ ಈ ಪಾತ್ರ ಚೆನ್ನಾಗಿಯೇ ಕಾಣುತ್ತದೆ. ಶಾಲೆಯ ಅಳತೆಗೋಲು ಬೇರೆ. ಎಸ್ಸೆಸ್ಸೆಲ್ಸಿ ಫಲಿತಾಂಶವನ್ನು ಶೈಕ್ಷಣಿಕ ಜಿಲ್ಲೆವಾರು ಹೋಲಿಸುವಾಗ ಶಿರಸಿಗೆ ಪ್ರತ್ಯೇಕ ಸ್ಥಾನವಿದೆ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ. ಹಾಗಾಗಿ ಫೆಬ್ರುವರಿಯ ಹೊತ್ತಿಗೆ ಚಟುವಟಿಕೆ ಹಿಂದೆ ಸರಿದು ‘ಪಾಸಿಂಗ್ ಪ್ಯಾಕೇಜ್’ ಮುಂದೆ ಬರುತ್ತದೆ: ಪತ್ರಲೇಖನದ ಸಿದ್ಧ ಮಾದರಿ, ಬಾಯಿಪಾಠದ ಪದ್ಯ. ಪ್ರಶಿಕ್ಷಣಾರ್ಥಿಯನ್ನು ಇದಕ್ಕೆ ದೂರುವುದು ಅನ್ಯಾಯ.

ಕೆಳಗಿನ ತರಗತಿಗಳಲ್ಲಿ ಪಾತ್ರ ಇನ್ನೂ ಹರಡಿಕೊಳ್ಳುತ್ತದೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಗೇ ಇಂಗ್ಲಿಷ್ ಬಂದಿದೆ. ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬಿಬ್ಬರೇ ಶಿಕ್ಷಕರಿದ್ದರೆ ಇಂಗ್ಲಿಷ್, ಗಣಿತ, ಬಿಸಿಯೂಟದ ಲೆಕ್ಕ ಎಲ್ಲವೂ ಅವರದೇ. ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾದರೂ ನೇಮಕಾತಿ ಕರೆಯುವವರೆಗೆ ಅನೇಕರಿಗೆ ಮೊದಲು ಸಿಗುವುದು ಅತಿಥಿ ಶಿಕ್ಷಕರ ಕೆಲಸ. ಕಾಯಂ ಶಿಕ್ಷಕರು ಬಂದರೆ ಅದೂ ಮುಗಿಯಿತು.