ಪಿ.ಎಫ್. ಯಾರು ಕೊಟ್ಟಿದ್ದು?

ರಾಮನಗರ, ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಲ್ಲಿ ಬೆಳಗಾಗುತ್ತಿದ್ದಂತೆ ಗಾರ್ಮೆಂಟ್ಸ್ ಬಸ್ಸು, ಟೆಂಪೊಗಳು ಬಂದು ನಿಲ್ಲುತ್ತವೆ. ಊಟದ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಹತ್ತುತ್ತಾರೆ. ತಿಂಗಳ ಕೊನೆಗೆ ಅವರ ಸಂಬಳದ ಚೀಟಿಯಲ್ಲಿ ಪಿ.ಎಫ್., ಇ.ಎಸ್.ಐ. ಎಂಬ ಎರಡು ಸಾಲು ಇರುತ್ತವೆ. ‘ಇಷ್ಟು ಕಟ್ ಆಯ್ತು’ ಎಂದು ಬೇಜಾರು ಮಾಡಿಕೊಳ್ಳುವವರೇ ಹೆಚ್ಚು.

ಆ ಸಾಲುಗಳ ಹಿಂದೆ ನೂರು ವರ್ಷಕ್ಕೂ ಹಳೆಯ ಕಥೆಯಿದೆ. ಅದರಲ್ಲಿ ಒಬ್ಬ ಉದ್ಯಮಿ ಇದ್ದಾರೆ, ಆದಿವಾಸಿಗಳ ನೆಲದಲ್ಲಿ ಎದ್ದ ಒಂದು ಊರಿದೆ, ಮುಷ್ಕರವಿದೆ, ಗುಂಡೇಟೂ ಇದೆ.

ಇಂದು ದೊಡ್ಡ ಕಂಪನಿಗಳೆಲ್ಲ ಉದ್ಯೋಗಿಗಳ ಕ್ಷೇಮ, ಎಲ್ಲರಿಗೂ ಸಮಾನ ಅವಕಾಶ, ಸುತ್ತಲಿನ ಊರುಗಳ ಸೇವೆ ಎಂದು ಹೇಳಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಇದರ ಬೇರು ಹುಡುಕುತ್ತ ಹೋದರೆ ಟಾಟಾ ಸ್ಟೀಲ್ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ನಾಗಪುರದ ಮಿಲ್ಲು

ಜಮ್‌ಶೆಡ್‌ಜಿ ಟಾಟಾ ಅವರ ಹೆಸರು ನಮಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಈಗಲೂ ಕರೆಯುವುದು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ. ಅದಕ್ಕೂ ಮೊದಲು, 1877ರಲ್ಲಿ ಅವರು ನಾಗಪುರದಲ್ಲಿ ಎಂಪ್ರೆಸ್ ಮಿಲ್ ಎಂಬ ಹತ್ತಿ ಗಿರಣಿ ತೆರೆದಿದ್ದರು. ಕೆಲಸಗಾರರು ದಿನ ತಪ್ಪದೆ ಬರುತ್ತಿರಲಿಲ್ಲ. ಬೇರೆ ಮಾಲೀಕರು ಇಂಥ ಹೊತ್ತಿನಲ್ಲಿ ದಂಡ ಹಾಕುತ್ತಿದ್ದರು. ಟಾಟಾ ಬೇರೆ ದಾರಿ ಹಿಡಿದರು. 1886ರಲ್ಲಿ ಪಿಂಚಣಿ ನಿಧಿ, 1895ರಲ್ಲಿ ಅಪಘಾತಕ್ಕೆ ಪರಿಹಾರ ಶುರುವಾಯಿತು.

ಇದರಲ್ಲಿ ಕರುಣೆಯೂ ಇತ್ತು, ಲೆಕ್ಕಾಚಾರವೂ ಇತ್ತು. ನೆಮ್ಮದಿಯಾಗಿರುವ ಆಳು ಕೆಲಸ ಬಿಟ್ಟು ಹೋಗುವುದಿಲ್ಲ. ಆಳುಕಾಳು ಇಟ್ಟುಕೊಂಡು ಬೇಸಾಯ ಮಾಡಿದ ಯಾರಿಗಾದರೂ ಇದು ಗೊತ್ತು.

ಸಾಕ್ಚಿಯಲ್ಲಿ ಎದ್ದ ಊರು

ಉಕ್ಕಿನ ಕಾರ್ಖಾನೆಯ ಕನಸು ಕಂಡ ಜಮ್‌ಶೆಡ್‌ಜಿ 1904ರಲ್ಲೇ ತೀರಿಕೊಂಡರು. ಕಂಪನಿ ಶುರುವಾಗಿದ್ದು 1907ರಲ್ಲಿ. ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಸೇರುವ ಕಡೆ, ಇಂದಿನ ಜಾರ್ಖಂಡ್‌ನ ಸಾಕ್ಚಿ ಎಂಬ ಹಳ್ಳಿಯ ಬಳಿ ಕಾರ್ಖಾನೆ ಎದ್ದಿತು. 1919ರಲ್ಲಿ ಆ ಊರಿಗೆ ಜಮ್‌ಶೆಡ್‌ಪುರ ಎಂದು ಹೆಸರಾಯಿತು.

ಸುತ್ತ ಕಾಡು. ದೂರದಿಂದ ಬಂದ ಕೆಲಸಗಾರ ನಿಲ್ಲಬೇಕೆಂದರೆ ಮನೆ ಬೇಕು, ನೀರು ಬೇಕು, ಆಸ್ಪತ್ರೆ ಬೇಕು. ಅಗಲವಾದ ರಸ್ತೆ, ಸಾಲು ಮರ, ಆಟದ ಮೈದಾನ, ಗುಡಿ, ಮಸೀದಿ, ಚರ್ಚಿಗೆ ಜಾಗ ಎಲ್ಲ ಇರುವ ಊರು ಕಟ್ಟಬೇಕೆಂದು ಜಮ್‌ಶೆಡ್‌ಜಿ 1902ರಲ್ಲೇ ಮಗ ದೊರಾಬ್ಜಿಗೆ ಪತ್ರ ಬರೆದಿದ್ದರು.

ಸೌಲಭ್ಯಗಳು ಒಂದೊಂದಾಗಿ ಬಂದವು. ಕಂಪನಿಯಲ್ಲಿ ಯಾವಾಗ ಬಂತು, ದೇಶಕ್ಕೆಲ್ಲ ಕಾನೂನಾಗಿ ಯಾವಾಗ ಬಂತು, ನೋಡಿ:

• ದಿನಕ್ಕೆ 8 ಗಂಟೆ ದುಡಿಮೆ: ಕಂಪನಿಯಲ್ಲಿ 1912. ದಿನಕ್ಕೆ 9, ವಾರಕ್ಕೆ 48 ಗಂಟೆಯ ಕಾನೂನು ಬಂದಿದ್ದು 1948ರಲ್ಲಿ.
• ಕೆಲಸದಲ್ಲಿ ಪೆಟ್ಟಾದರೆ ಪರಿಹಾರ: ಕಂಪನಿಯಲ್ಲಿ 1920, ಕಾನೂನು 1923.
• ಪ್ರಾವಿಡೆಂಟ್ ಫಂಡ್, ಅಂದರೆ ಪಿ.ಎಫ್.: ಕಂಪನಿಯಲ್ಲಿ 1920, ಕಾನೂನು 1952.
• ಹೆರಿಗೆ ಸೌಲಭ್ಯ: ಕಂಪನಿಯಲ್ಲಿ 1928, ಕಾನೂನು 1961.
• ಲಾಭದಲ್ಲಿ ಪಾಲು, ಅಂದರೆ ಬೋನಸ್: ಕಂಪನಿಯಲ್ಲಿ 1934, ಕಾನೂನು 1965.
• ಗ್ರಾಚ್ಯುಟಿ: ಕಂಪನಿಯಲ್ಲಿ 1937, ಕಾನೂನು 1972.

ಬೇರೆ ಕಾರ್ಖಾನೆಗಳಲ್ಲಿ ಜನ ದಿನಕ್ಕೆ 12 ಗಂಟೆ ದುಡಿಯುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಪಟ್ಟಿಯಲ್ಲಿ ಕಾಣದ ವರ್ಷಗಳು

ಈ ಪಟ್ಟಿ ಇಷ್ಟಕ್ಕೇ ನಿಂತರೆ ಧಣಿ ಕೊಟ್ಟರು, ಆಳು ತೆಗೆದುಕೊಂಡರು ಎಂಬಂತಾಗುತ್ತದೆ. ಅದೇ ಊರಿನ ಇನ್ನೊಂದು ಪಟ್ಟಿಯೂ ಇದೆ: 1920, 1922, 1928. ಇವು ಮುಷ್ಕರದ ವರ್ಷಗಳು.

ಮೊದಲ ಮಹಾಯುದ್ಧದ ನಂತರ ಅಕ್ಕಿ, ಬಟ್ಟೆ ಬೆಲೆ ಗಗನಕ್ಕೇರಿತು. ಸಂಬಳ ಅಷ್ಟೇ ಉಳಿಯಿತು. ವಿದೇಶದಿಂದ ಕರೆಸಿದ ತಂತ್ರಜ್ಞರ ಸಂಬಳಕ್ಕೂ ಇಲ್ಲಿಯವರ ಸಂಬಳಕ್ಕೂ ಅಜಗಜಾಂತರ. 1920ರ ಆರಂಭದಲ್ಲಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಗೋಲಿಬಾರ್ ಆಯಿತು, ಕಾರ್ಮಿಕರು ಸತ್ತರು. ಆ ವರ್ಷವೇ ಅಲ್ಲಿ ಕಾರ್ಮಿಕರ ಸಂಘ ಹುಟ್ಟಿತು. ಪಿ.ಎಫ್. ಬಂದಿದ್ದೂ ಆ ವರ್ಷವೇ.

1925ರಲ್ಲಿ ಗಾಂಧೀಜಿ ಜಮ್‌ಶೆಡ್‌ಪುರಕ್ಕೆ ಹೋದರು. 1928ರಲ್ಲಿ ಕೆಲಸಗಾರರ ಸಂಖ್ಯೆ ಕಡಿತ ಮಾಡುವ ವಿಚಾರಕ್ಕೆ ತಿಂಗಳುಗಟ್ಟಲೆ ಗಲಾಟೆ ನಡೆದಾಗ ಸುಭಾಷ್‌ಚಂದ್ರ ಬೋಸ್ ಸಂಘದ ಮುಂದಾಳತ್ವ ವಹಿಸಿ ರಾಜಿ ಮಾಡಿಸಿದರು. ದೊಡ್ಡ ಹುದ್ದೆಗಳನ್ನು ಭಾರತೀಯರಿಗೂ ಕೊಡಿ ಎಂದು ಕಂಪನಿಯ ಮೇಲೆ ಒತ್ತಡ ತಂದರು. ಹೆರಿಗೆ ಸೌಲಭ್ಯ ಬಂದ ವರ್ಷವೂ ಅದೇ.

ಯಾವುದರಿಂದ ಯಾವುದು ಬಂತು ಎಂದು ಗೆರೆ ಎಳೆದು ಹೇಳುವುದು ಕಷ್ಟ. ಆದರೆ ಕೊಡುವ ಮನಸ್ಸು ಮತ್ತು ಕೇಳುವ ದನಿ ಎರಡೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಇದ್ದವು.

ಒಳಗೆ ಯಾರು, ಹೊರಗೆ ಯಾರು

ಕಾರ್ಖಾನೆ ಎದ್ದ ನೆಲ ಹೋ, ಸಂತಾಲ್, ಭೂಮಿಜ್ ಆದಿವಾಸಿಗಳು ಬಾಳಿದ ನೆಲ. ಅವರಿಗೆ ಸಿಕ್ಕಿದ್ದು ಬಹುಪಾಲು ಮಣ್ಣು ಹೊರುವ, ಅದಿರು ಹೊರುವ ಕೂಲಿ. ಹೊರೆ ಹೊರುವ ಹೆಂಗಸರಿಗೆ ಅಲ್ಲಿ ‘ರೇಜಾ’ ಎಂಬ ಹೆಸರು. ಯಂತ್ರಗಳು ಬಂದಾಗ ಮೊದಲು ಕೆಲಸ ಕಳೆದುಕೊಂಡವರಲ್ಲಿ ಇವರೂ ಇದ್ದರು.

ಈ ಬಾಗಿಲು ನಿಧಾನವಾಗಿ ತೆರೆಯಿತು. ರೇಜಾ ಹೆಂಗಸರಲ್ಲಿ ಕೆಲವರಿಗೆ ದೊಡ್ಡ ಯಂತ್ರ ಓಡಿಸುವ ತರಬೇತಿ ಸಿಕ್ಕಿತು. 2019ರಲ್ಲಿ ಸಲಿಂಗಿ, ಟ್ರಾನ್ಸ್‌ಜೆಂಡರ್ ಉದ್ಯೋಗಿಗಳು ತಮ್ಮ ಸಂಗಾತಿಯ ಹೆಸರು ಕೊಟ್ಟು ಸೌಲಭ್ಯ ಪಡೆಯಬಹುದು ಎಂದು ಕಂಪನಿ ನಿಯಮ ಮಾಡಿತು. 2021ರಲ್ಲಿ ವೆಸ್ಟ್ ಬೊಕಾರೊ ಕಲ್ಲಿದ್ದಲು ಗಣಿಯಲ್ಲಿ ಭಾರಿ ಯಂತ್ರ ಓಡಿಸುವ ತರಬೇತಿಗೆ 14 ಮಂದಿ ಟ್ರಾನ್ಸ್‌ಜೆಂಡರ್‌ಗಳನ್ನು ತೆಗೆದುಕೊಂಡಿತು. ಅದೇ ವರ್ಷ, ಕೋವಿಡ್‌ನಿಂದ ಸತ್ತ ಉದ್ಯೋಗಿಗೆ 60 ವರ್ಷ ತುಂಬಬೇಕಿದ್ದ ದಿನದವರೆಗೂ ಅವರ ಮನೆಯವರಿಗೆ ಕೊನೆಯ ಸಂಬಳ ಕೊಡುವುದಾಗಿ ಘೋಷಿಸಿತು.

ಊರಿಗೆ ಕೊಟ್ಟಿದ್ದು, ಊರಿಂದ ಪಡೆದಿದ್ದು

ಜಮ್‌ಶೆಡ್‌ಪುರದ ನೀರು, ವಿದ್ಯುತ್ತು, ರಸ್ತೆ, ಆಸ್ಪತ್ರೆಯ ಹಿಂದೆ ಕಂಪನಿಯ ಕೈಯಿದೆ. ಅದೇ ಕಂಪನಿ ಒಡಿಶಾದ ಕಳಿಂಗನಗರದಲ್ಲಿ ಕಾರ್ಖಾನೆ ಕಟ್ಟಲು ಹೊರಟಾಗ, 2006ರ ಜನವರಿ 2ರಂದು, ಕಾಂಪೌಂಡ್ ಗೋಡೆಗೆ ಅಡ್ಡ ನಿಂತ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹತ್ತಕ್ಕೂ ಹೆಚ್ಚು ಆದಿವಾಸಿಗಳು ಸತ್ತರು, ಒಬ್ಬ ಪೊಲೀಸ್ ಕೂಡ ಸತ್ತರು. ಸಮುದಾಯ ಸೇವೆಯ ಲೆಕ್ಕ ಬರೆಯುವಾಗ ಈ ಪುಟವನ್ನೂ ಬಿಡುವಂತಿಲ್ಲ. ಜಮೀನು ಹೋಗುವ ಮೊದಲು ಊರಿನ ಮಾತು ಕೇಳಿದರೋ ಇಲ್ಲವೋ ಎಂಬುದು ಆಮೇಲೆ ಕಟ್ಟಿಸಿಕೊಡುವ ಶಾಲಾ ಕೊಠಡಿಗಿಂತ ದೊಡ್ಡ ಪ್ರಶ್ನೆ.

ನಮ್ಮೂರ ಶಾಲೆ ಗೋಡೆ ಮೇಲೆ, ಶುದ್ಧ ನೀರಿನ ಘಟಕದ ಮೇಲೆ ‘ಸಿ.ಎಸ್.ಆರ್. ನಿಧಿ’ ಎಂಬ ಬೋರ್ಡು ನೋಡಿರುತ್ತೀರಿ. 2014ರ ಏಪ್ರಿಲ್‌ನಿಂದ ಇದೂ ಕಾನೂನು. ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಲಾಭ ಮಾಡುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಅದಕ್ಕೆ ಯಾರ ಮುಂದೆಯೂ ಕೈಮುಗಿದು ನಿಲ್ಲಬೇಕಿಲ್ಲ.

ಹೊಸೂರು ರಸ್ತೆ, 2016

ಕೊನೆಗೆ ನಮ್ಮ ಮನೆ ಮಕ್ಕಳ ಕಥೆ. ಹೊಸ ಉದ್ಯೋಗ ಸಿಗದೆ ಎರಡು ತಿಂಗಳು ಕಳೆದರೆ ಪಿ.ಎಫ್. ದುಡ್ಡನ್ನು ಪೂರ್ತಿ ತೆಗೆಯಬಹುದಿತ್ತು. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಸಿಗುವುದಿಲ್ಲ ಎಂದು ನಿಯಮ ತಂದಿತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ದುಡಿಯುವವರು ಎಷ್ಟು ಜನ? ಮಗಳ ಮದುವೆ, ಸಾಲ, ಮನೆ ಚಾವಣಿ ಎಲ್ಲಕ್ಕೂ ಅವರು ನಂಬಿದ್ದು ಆ ದುಡ್ಡನ್ನೇ.

ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿನ ಬೀದಿಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಅವರನ್ನು ಕರೆತಂದ ದೊಡ್ಡ ನಾಯಕರು ಯಾರೂ ಇರಲಿಲ್ಲ. ಲಾಠಿ ಏಟು ಬಿತ್ತು, ಬಸ್ಸುಗಳು ಸುಟ್ಟವು. ಎರಡನೇ ದಿನವೇ ಕೇಂದ್ರ ಆ ನಿಯಮವನ್ನು ಹಿಂತೆಗೆದುಕೊಂಡಿತು. ದೇಶದ ಕೋಟ್ಯಂತರ ಕೆಲಸಗಾರರ ಹಣಕ್ಕೆ ಕಾವಲು ನಿಂತವರು ಹೊಲಿಗೆ ಯಂತ್ರದ ಮುಂದೆ ಕೂರುವ ಹಳ್ಳಿ ಹೆಣ್ಣುಮಕ್ಕಳು.

ಹಾಗಾದರೆ ಪಿ.ಎಫ್. ಯಾರು ಕೊಟ್ಟಿದ್ದು? ಒಬ್ಬ ದೂರದೃಷ್ಟಿಯ ಮಾಲೀಕ ಶುರು ಮಾಡಿದ್ದು ನಿಜ. ಸಂಘ ಕಟ್ಟಿದವರು ಅದನ್ನು ಬೆಳೆಸಿದರು. ಕಾನೂನು ಅದನ್ನು ಎಲ್ಲರ ಮನೆಗೆ ತಲುಪಿಸಿತು. ಮಾಲೀಕ ಪ್ರೀತಿಯಿಂದ ಕೊಟ್ಟಿದ್ದನ್ನು ಮುಂದಿನ ಮಾಲೀಕ ನಿಲ್ಲಿಸಬಹುದು. ಕಾನೂನಿನಲ್ಲಿ ಬರೆದಿದ್ದನ್ನು ನಿಲ್ಲಿಸಲು ಹೊರಟರೆ ಜನ ಪ್ರಶ್ನೆ ಕೇಳಬಹುದು.

ಆದರೆ ಕಾನೂನೂ ಬದಲಾಗುತ್ತದೆ. 2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆವರೆಗೂ ದುಡಿಸಲು ಅವಕಾಶ ಕೊಟ್ಟಿತು. 1912ರಲ್ಲಿ ಜಮ್‌ಶೆಡ್‌ಪುರ ಬಿಟ್ಟು ಬಂದ ಲೆಕ್ಕ ಅದು.

ಈ ತಿಂಗಳ ಸಂಬಳದ ಚೀಟಿ ಮನೆಗೆ ಬಂದಾಗ ಒಮ್ಮೆ ಬಿಡಿಸಿ ನೋಡಿ. ಪಿ.ಎಫ್. ಸಾಲಿನಲ್ಲಿ ಹಣ ಮುರಿದಿದ್ದರೆ ಮಾಲೀಕರ ಪಾಲೂ ಖಾತೆಗೆ ಬಿದ್ದಿದೆಯೇ ಎಂದು ಫೋನಿನಲ್ಲೇ ನೋಡಿಕೊಳ್ಳಬಹುದು. ಗುತ್ತಿಗೆ ಕೆಲಸವಾದರೆ ಆ ಸಾಲು ಇದೆಯೇ ಎಂದು ಮೊದಲು ಕೇಳಿ. ಅದನ್ನು ಕೇಳುವ ಹಕ್ಕು ಸಿಗಲು ಜೀವ ಕೊಟ್ಟವರಿದ್ದಾರೆ.